ಮಾಟುಂಗಕ್ಕೆ ಬಂದ ಜರ್ಮನ್ ಅತಿಥಿ

ಮೇಷ್ಟ್ರ ಕೆಳತುಟಿ ಸದಾ ತೆಂಗಿನೆಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಬೋಂಡಾ ತಿಂದು ಬಾಯಿ ಒರೆಸದೆ ಕ್ಲಾಸಿಗೆ ಬಂದಿದ್ದಾರೆಂದು ಮೊದಲ ದಿನ ನಾವೆಲ್ಲ ನಕ್ಕಿದ್ದೆವು. ತುಟಿ ಒಡೆದರೆ ಕೊಳಲಿಗೆ ಉಸಿರು ಸರಿಯಾಗಿ ಕೂರುವುದಿಲ್ಲವೆಂದು ಆಮೇಲೆ ತಿಳಿಯಿತು.

ಉಡುಪಿ ಕಡೆಯವರು. ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ಭಾಂಡುಪಿನಲ್ಲಿ ನಮ್ಮ ಚಾಳಿನ ಎದುರು ಬಿಲ್ಡಿಂಗಿನಲ್ಲೇ ಇದ್ದರು. ಚಾಳಿನ ಭಜನೆಗೆ ನಾನು ಹಾರ್ಮೋನಿಯಂ ಪೇಟಿ ಬಾರಿಸುವುದನ್ನು ಕಿಟಕಿಯಿಂದ ಕೇಳಿ ಒಂದು ಭಾನುವಾರ ಕರೆದರು. ಅವರದು ಬಿದಿರಿನ ಕೊಳಲಲ್ಲ, ಮೈತುಂಬ ಕೀಲಿಗಳಿದ್ದ ಬೆಳ್ಳಿಬಣ್ಣದ್ದು. ಎಂದೋ ತೀರಿಹೋದ ಒಬ್ಬ ಜರ್ಮನ್ ಸಂಗೀತಗಾರರ ಕಾನ್ಚೆರ್ಟೊ ಅವರ ಪ್ರಾಣ. ಕೊಳಲು ಒಂದು ಕಡೆ, ಇಡೀ ವಾದ್ಯವೃಂದ ಇನ್ನೊಂದು ಕಡೆ ನಿಂತು ಮಾತಾಡಿಕೊಳ್ಳುವ ಸಂಗೀತವದು.

“ವಾದ್ಯವೃಂದ ಎಲ್ಲೈತ್ರಿ ಸರ್?”

“ನೀನೇ ಮಾರಾಯ್ತಿ, ನಿನ್ನ ಪೇಟಿಯೇ!”

“ಈ ಜರ್ಮನ್ನವರ ಹೆಸರ ಯಾರೂ ಕೇಳಿಲ್ಲಲ್ರಿ?”

“ದೊಡ್ಡ ದೊಡ್ಡವರ ಕಾಲದಲ್ಲೇ ಹುಟ್ಟಿದ್ರು, ಪಾಪ. ಫಾಸ್ಟ್ ಲೋಕಲ್ ಬರುವಾಗ ಸ್ಲೋ ಗಾಡಿಯನ್ನು ಯಾರು ನೋಡ್ತಾರೆ? ನಮ್ಮ ಜನ ಒಮ್ಮೆಯಾದ್ರೂ ಇವರನ್ನು ಕೇಳ್ಬೇಕು. ನನ್ನ ಆಸೆ ಅಷ್ಟೇ.”

ಕೊನೆಗೆ ಮಾಟುಂಗದ ಸಂಘವೊಂದು ತನ್ನ ವಾರ್ಷಿಕೋತ್ಸವದಲ್ಲಿ ಅರ್ಧ ಗಂಟೆ ಕೊಟ್ಟಿತು. ಖುಷಿಯಲ್ಲಿ ಮೇಷ್ಟ್ರು ಆ ಜರ್ಮನ್ ಸಂಗೀತಗಾರರ ಹೆಸರನ್ನೂ ಆಮಂತ್ರಣಕ್ಕೆ ಬರೆದುಕೊಟ್ಟರು. ಹೋಗಿ ನೋಡಿದರೆ ವೇದಿಕೆಯ ನಡುವೆ ಸಿಂಹಾಸನದಂಥ ಕುರ್ಚಿ, ತಟ್ಟೆಯಲ್ಲಿ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ.

“ಎಲ್ಲಿ ಮಾಷ್ಟ್ರೇ ನಿಮ್ಮ ಜರ್ಮನ್ ಗೆಸ್ಟು? ದಾದರಿನಲ್ಲಿ ಟ್ರಾಫಿಕ್ಕಾ?” ಎಂದರು ಕಾರ್ಯದರ್ಶಿಗಳು.

“ಅವರು ತೀರಿಹೋಗಿ ಇನ್ನೂರು ವರ್ಷ ಆಯ್ತಲ್ಲ ಮಾರಾಯ್ರೇ!”

ಕಾರ್ಯದರ್ಶಿಗಳ ಮುಖ ಕಪ್ಪಿಟ್ಟಿತು. “ಫಾರಿನ್‌ನವರು ಬರ್ತಾರೆ ಅಂತ ಜನ ಬಂದದ್ದು. ಈಗ ಎಂತ ಹೇಳುದು? ಬೇಡ, ಊಟಕ್ಕೆ ಎಬ್ಬಿಸುವ.”

ಅಷ್ಟೂ ಭಾನುವಾರಗಳ ತಾಲೀಮು ಅನ್ನ ಸಾರಿನೆದುರು ಸೋಲುವುದರಲ್ಲಿತ್ತು.

ಮೇಷ್ಟ್ರು ನೇರ ಮೈಕಿನ ಮುಂದೆ ಹೋದರು. “ಅತಿಥಿಗಳು ಬಂದಿದ್ದಾರೆ, ಕಾಣುದಿಲ್ಲ ಅಷ್ಟೇ. ಕರೆದ ಮೇಲೆ ಸನ್ಮಾನ ಮಾಡದೆ ಬಿಡ್ಲಿಕ್ಕೆ ಉಂಟಾ?”

ಸಭೆ ಗೊಳ್ಳೆಂದಿತು. ಕಾರ್ಯದರ್ಶಿಗಳೂ ನಗು ತಡೆಯಲಾರದೆ ಬಂದು ಖಾಲಿ ಕುರ್ಚಿಗೆ ಶಾಲು ಹೊದಿಸಿ ಹಾರ ಹಾಕಿದರು. ಸನ್ಮಾನವಾದ ಮೇಲೆ ಸನ್ಮಾನಿತರ ಮಾತು ಕೇಳದೆ ಏಳುವ ರೂಢಿ ನಮ್ಮ ಸಂಘಗಳಲ್ಲಿಲ್ಲ. ಜನ ಕೂತರು. ಕೊಳಲು ಮಾತಾಡಿತು.

ಒಂದು ಕಡೆ ನಾನು ಎಡವಿದೆ. ಮೇಷ್ಟ್ರು ಕಣ್ಣು ಮಿಟುಕಿಸಿ, ಕಾದು, ಜೊತೆಗೆ ಕರೆದುಕೊಂಡರು. ಕೊನೆಯ ಓಟದ ಭಾಗಕ್ಕೆ ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದರು. ಮುಗಿದ ಮೇಲೆ, ವಿಜಯಪುರ ಜಿಲ್ಲೆಯಿಂದ ಬಂದು ಗಾರೆ ಕೆಲಸ ಮಾಡುವ ನನ್ನಪ್ಪ ಮೇಷ್ಟ್ರ ಹತ್ತಿರ ಹೋದ.

“ಭಾಳ ಚಲೋ ಆತ್ರಿ. ಪಾಪ, ಅವರ ಮನಿ ಕಡೆಯವರು ಯಾರೂ ಬಂದಿಲ್ಲೇನ್ರಿ?”

ಮೇಷ್ಟ್ರು ಅಪ್ಪನ ಕೈ ಹಿಡಿದರು. “ನೀವು ಬಂದಿರಲ್ಲ.”

ಮೇಷ್ಟ್ರು ತೀರಿಕೊಂಡು ಎರಡು ವರ್ಷವಾಯಿತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಅದನ್ನು ತಗ್ಗಿದ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಪರೇಲಿನ ಆಫೀಸಿನಲ್ಲಿ ಯಾರಾದರೂ ವಿದೇಶಿ ಸಂಗೀತದ ದೊಡ್ಡ ದೊಡ್ಡ ಹೆಸರು ಉದುರಿಸತೊಡಗಿದರೆ ನಾನು ಆ ಜರ್ಮನ್ ಸಂಗೀತಗಾರರ ಹೆಸರು ಹೇಳುತ್ತೇನೆ. ಯಾರವರು ಎಂದು ಕೇಳುತ್ತಾರೆ.

“ನಮ್ಮವರೇ,” ಎನ್ನುತ್ತೇನೆ. “ಮಾಟುಂಗದಲ್ಲಿ ಸನ್ಮಾನ ಆಗಿದೆ.”