ಫುಲ್ ಟ್ಯಾಂಕ್, ಕುತ್ತಿಗೆವರೆಗೂ

ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾಗುವ ವಾಲ್ವ್‌ಗಳು ಸೋರುತ್ತವೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತೇನೆ. ಗುಳ್ಳೆ ಎದ್ದರೆ ಕೆಟ್ಟದ್ದು, ಏಳದಿದ್ದರೆ ಒಳ್ಳೆಯದು. ಮುಖ ನೋಡಿ ತೀರ್ಮಾನಿಸುವ ಮಾತೇ ಇಲ್ಲ. ನನ್ನವರದು ಬಿಟ್ಟಿ ಅನುಮಾನ. ಹಾಲಿನವನು ನೀರು ಬೆರೆಸುತ್ತಾನೆ, ತರಕಾರಿಯವನು ತಕ್ಕಡಿಗೆ ಬೆರಳು ಕೊಡುತ್ತಾನೆ, ಪೆಟ್ರೋಲ್ ಬಂಕಿನವರಂತೂ ಕೇಳಲೇಬೇಡಿ, ಎಂಬುದು ಅವರ ನಿತ್ಯಪಾರಾಯಣ. ಮದುವೆಯಾದ ಹೊಸದರಲ್ಲಿ ನಗುತ್ತಿದ್ದೆ, ಆಮೇಲೆ ಕೇಳಿಸಿಕೊಳ್ಳುವುದನ್ನೇ ಬಿಟ್ಟೆ.

ಚಂದ್ರಾ ಲೇಔಟಿನಲ್ಲಿ ನಮ್ಮದು ಮಹಡಿ ಮನೆ. ಮೇಲೆ ನಾವಿಬ್ಬರು, ಕೆಳಗೆ ಬಾಡಿಗೆಗೆ ಹಾವೇರಿ ಕಡೆಯ ಗಂಡ ಹೆಂಡತಿ. ಅವನು ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು. ಅವಳು ಬಸುರಿ. ನಮ್ಮ ಕಾರು ನಿಲ್ಲುವುದು ಅವರ ಅಡುಗೆಮನೆ ಕಿಟಕಿಗೆ ಬೆನ್ನು ಕೊಟ್ಟುಕೊಂಡು, ಅದರ ಪಕ್ಕಕ್ಕೇ ಅವನ ಬೈಕು.

ಹೋದ ಬೇಸಿಗೆಯಲ್ಲಿ ಬೆಳಗ್ಗೆ ಗೇಟು ತೆಗೆಯಲು ಇಳಿದರೆ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯತೊಡಗಿತು. ಜೊತೆಗೆ ಕಾರಿನ ಮೈಲೇಜೂ ಇಳಿಯಿತು. ಇವೆರಡನ್ನೂ ಕೂಡಿಸಿ ನನ್ನವರು ಉತ್ತರ ಕಂಡುಕೊಂಡರು: ಯಾರೋ ಪೆಟ್ರೋಲ್ ಕದಿಯುತ್ತಿದ್ದಾರೆ. ಯಾರೋ ಎಂದರೆ ಯಾರು? ಕಾಂಪೌಂಡಿನೊಳಗೆ ಬೈಕಿರುವುದು ಒಬ್ಬನದೇ, ದಿನವಿಡೀ ಊರು ಸುತ್ತುವ ಕಸುಬು ಬೇರೆ.

ಒಂದು ದಿನ ಅವನೇ ಮೆಟ್ಟಿಲು ಹತ್ತಿ ಬಂದ. "ಸರ್, ನಿಮ್ಮ ಗಾಡಿಯಿಂದ ಪೆಟ್ರೋಲ್ ವಾಸ್ನಿ ಬರಾಕತ್ತೈತ್ರಿ. ನಮ್ಮಾಕಿಗೆ ವಾಂತಿ ಬಂದಂಗ ಆಗತೈತಿ. ಒಮ್ಮೆ ತೋರಸ್ರಿ," ಎಂದ.

ಅವನು ಇಳಿದು ಹೋಗುವುದನ್ನೇ ಕಾದಿದ್ದು ನನ್ನವರು ಪಿಸುಗುಟ್ಟಿದರು. "ನೋಡಿದ್ಯೇನೇ? ಕುಂಬಳಕಾಯಿ ಕಳ್ಳ ಅಂತ ನಾವಿನ್ನೂ ಬಾಯೇ ಬಿಟ್ಟಿಲ್ಲ, ಇವನು ಆಗ್ಲೇ ಹೆಗಲು ಮುಟ್ಕೊಂಡ."

ಅಂದಿನಿಂದ ಮಹಡಿಯ ಬಾಲ್ಕನಿಯಿಂದ ಕಾವಲು ಶುರುವಾಯಿತು. ಕಾಫಿ ಲೋಟ ಹಿಡಿದು ಬಗ್ಗಿ ನೋಡುವುದು, ಬೈಕ್ ಸ್ಟಾರ್ಟ್ ಆದ ಸದ್ದಿಗೆ ಓಡಿ ಬರುವುದು. ಸುಳ್ಳು ಯಾಕೆ, ನನ್ನ ಕಿವಿಯೂ ಕೆಳಗೇ ಇರುತ್ತಿತ್ತು. ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನನ್ನವರು ಕಂಡದ್ದು ಇದು: ಅವನು ನಮ್ಮ ಕಾರಿನ ಹಿಂದಿನ ಚಕ್ರದ ಬಳಿ ಮಂಡಿಯೂರಿದ್ದಾನೆ, ಕೈಯಲ್ಲಿ ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿ, ಅದರ ತಳದಲ್ಲಿ ಪೆಟ್ರೋಲ್. ಇನ್ನೇನು ಬೇಕು? ಕೆಳಗೆ ಓಡಿದರು, ಹಿಂದೆಯೇ ನಾನೂ. ಅವನು ಏನೋ ಹೇಳಲು ಬಾಯಿ ತೆರೆದ. ಇವರು ಬಿಡಲಿಲ್ಲ.

"ತಿಂಗಳ ಕೊನೇಗೆ ಮನೆ ಖಾಲಿ ಮಾಡಿ. ಪೊಲೀಸ್‌ಗೆ ಹೇಳ್ತಿಲ್ಲ, ಅದೇ ನಿಮ್ಮ ಪುಣ್ಯ," ಎಂದರು.

ಕಿಟಕಿಯ ಗಾಜಿನ ಹಿಂದೆ ಅವಳು ನಿಂತಿದ್ದಳು. ಕೇಳಿಸಿಕೊಂಡಳು.

"ಬಸುರಿ ಹೆಂಗಸು ಇರುವಾಗ ಮನೆ ಬಿಡಿಸ್ತಾರೇನ್ರೀ?" ಎಂದು ನಾನು ಮೇಲೆ ಬಂದ ಮೇಲೆ ಕೇಳಿದೆ. "ಕದಿಯುವಾಗ ಅವನಿಗೆ ಅದು ನೆನಪಿರಬೇಕಿತ್ತು," ಎಂದರು. ನನಗೆ ಒಂದು ಮಾತು ಮಾತ್ರ ಲೆಕ್ಕಕ್ಕೆ ಕೂಡಲಿಲ್ಲ. ನಮ್ಮ ಕಾರಿನ ಪೆಟ್ರೋಲ್ ಬಾಯಿ ತೆರೆಯಬೇಕಾದರೆ ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆಯಬೇಕು. ಕಾರಿಗೆ ಬೀಗ, ಬೀಗದ ಕೈ ನಮ್ಮ ದೇವರ ಗೂಡಿನಲ್ಲಿ. ಹಾಗಾದರೆ ಪೆಟ್ರೋಲ್ ಹೊರಗೆ ಬಂದದ್ದು ಹೇಗೆ? ಕೇಳಿದರೆ ನನ್ನವರು, "ಕಳ್ಳರಿಗೆ ನೂರೆಂಟು ದಾರಿ," ಎಂದು ಪೇಪರ್ ಬಿಡಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಕಾರ್ಖಾನೆಯಲ್ಲಿ ಯಾರಾದರೂ ಪರೀಕ್ಷೆ ಮಾಡದೆ ವಾಲ್ವ್‌ಗೆ ಕೆಂಪು ಗುರುತು ಹಾಕಿದರೆ ನಾನು ಸುಮ್ಮನಿರುತ್ತೇನೆಯೇ?

ಅದೇ ವಾರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿತು. ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಒಂದನ್ನು ಸಹೋದ್ಯೋಗಿಯಿಂದ ಕೇಳಿ ತಂದೆ. ಪೆಟ್ರೋಲ್ ಆವಿಯನ್ನು ಹಿಡಿದಿಡುವ ವ್ಯವಸ್ಥೆಯಲ್ಲಿ ದೋಷ ಎಂದು ಅದು ಹೇಳಿತು. ಹಾಗೊಂದು ವ್ಯವಸ್ಥೆ ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಓದಿ ತಿಳಿದುಕೊಂಡೆ. ಟ್ಯಾಂಕಿನಲ್ಲಿರುವ ಪೆಟ್ರೋಲ್ ಆವಿಯಾಗುತ್ತಲೇ ಇರುತ್ತದೆ. ಆ ಆವಿ ಗಾಳಿ ಸೇರದಂತೆ ಒಂದು ಕೊಳವೆ ಅದನ್ನು ಇದ್ದಿಲು ತುಂಬಿದ ಡಬ್ಬಿಗೆ ಒಯ್ಯುತ್ತದೆ. ಇದ್ದಿಲು ಹೀರಿಟ್ಟುಕೊಳ್ಳುತ್ತದೆ. ಕಾರು ಓಡುವಾಗ ಒಂದು ಸಣ್ಣ ವಾಲ್ವ್ ತೆರೆದುಕೊಂಡು, ಎಂಜಿನ್ ಆ ಆವಿಯನ್ನು ಎಳೆದು ಉರಿಸುತ್ತದೆ. ಅಂದರೆ ಆರೋಪಿಗಳು ನಾಲ್ವರು: ಟ್ಯಾಂಕಿನ ಮುಚ್ಚಳ, ಕೊಳವೆ, ವಾಲ್ವ್, ಡಬ್ಬಿ. ಅವರಲ್ಲಿ ಹಾವೇರಿಯವರು ಯಾರೂ ಇರಲಿಲ್ಲ.

ಬಾಪೂಜಿ ನಗರದ ಗ್ಯಾರೇಜಿಗೆ ಕಾರು ಒಯ್ದೆ. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತದೆ, "ಮುಚ್ಚಳ ಮೇಡಂ. ಎಲ್ಲಾ ಗಾಡಿಗೂ ಮುಚ್ಚಳಾನೇ," ಎಂದು ಹೊಸದು ಹಾಕಿ ದೀಪ ಆರಿಸಿ ಕಳಿಸಿದ. ಚಂದ್ರಾ ಲೇಔಟ್ ಮುಟ್ಟಿ ಒಂದೆರಡು ದಿನ ಕಳೆಯುವುದರೊಳಗೆ ದೀಪ ಮತ್ತೆ ಹೊತ್ತಿತು. ತಿರುಗಿ ಹೋದಾಗ ಹಳೆಯ ಮುಚ್ಚಳವನ್ನು ಅವನ ಮುಂದಿಟ್ಟೆ. ಅದರ ರಬ್ಬರ್ ಬಳೆಯಲ್ಲಿ ಒಂದು ಬಿರುಕೂ ಇರಲಿಲ್ಲ. "ಇದು ನಿರಪರಾಧಿ. ಈಗ ನಾನು ಹೇಳಿದ ಹಾಗೆ ನೋಡೋಣ," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ಅಳೆದ. ಆದರೂ ಒಪ್ಪಿದ.

ಮೊದಲು ವಾಲ್ವ್. ಕಾರ್ಖಾನೆಯಿಂದ ತಂದ ಕೈಪಂಪಿನಿಂದ ಅದರ ಬಾಯಲ್ಲಿ ಗಾಳಿ ಎಳೆದು ನೋಡಿದೆವು. ವಿದ್ಯುತ್ ಇಲ್ಲದಾಗ ಅದು ಮುಚ್ಚಿರಬೇಕು. ಮುಚ್ಚಿತ್ತು, ಪಂಪಿನ ಮಾಪಕದ ಮುಳ್ಳು ಅಲುಗಲಿಲ್ಲ. ಆಮೇಲೆ ಕೊಳವೆ. ಡಬ್ಬಿಯ ಕಡೆಯ ತುದಿ ಮುಚ್ಚಿ, ಒಂದು ಯಂತ್ರದಿಂದ ಬಿಳಿ ಹೊಗೆಯನ್ನು ಮೆಲ್ಲಗೆ ಒಳಗೆ ಊದಿ, ಬೆಳಕು ಹಿಡಿದು ಕಾರಿನ ಕೆಳಗೆಲ್ಲ ಹುಡುಕಿದೆವು. ಧೂಪ ಹಾಕಿದ ಮನೆಯ ಸಂದಿಗಳಲ್ಲಿ ಹೊಗೆ ಇಣುಕುವಂತೆ ಎಲ್ಲಾದರೂ ಇಣುಕಬೇಕಿತ್ತು. ಎಲ್ಲಿಯೂ ಇಣುಕಲಿಲ್ಲ.

"ಹಾಗಾದ್ರೆ ಏನೂ ಇಲ್ಲ ಮೇಡಂ," ಎಂದ ಮೆಕ್ಯಾನಿಕ್.

"ಡಬ್ಬಿ ಬಿಚ್ಚಿ."

"ಅದು ಕೆಡೋದೇ ಇಲ್ಲ ಮೇಡಂ."

"ಬಿಚ್ಚಿ."

ಹಿಂದಿನ ಚಕ್ರದ ಬಳಿ ಅಡಗಿದ್ದ ಆ ಕಪ್ಪು ಡಬ್ಬಿಯನ್ನು ಬಿಚ್ಚಿದಾಗ ಅವನ ಕೈ ಜಗ್ಗಿತು. ಒಣ ಇದ್ದಿಲಿನ ಡಬ್ಬಿ ಹಗುರವಾಗಿರಬೇಕು. ಇದು ಪಾಕ ಕುಡಿದ ಜಾಮೂನಿನ ಹಾಗೆ ತೂಗುತ್ತಿತ್ತು. ಓರೆ ಮಾಡಿದ್ದೇ ತಡ, ಡಬ್ಬಿ ಹೊರಗಿನ ಗಾಳಿ ಎಳೆದುಕೊಳ್ಳುವ ತೂತಿನಿಂದ ಪೆಟ್ರೋಲ್ ನನ್ನ ಅಂಗೈ ಮೇಲೆ ತೊಟ್ಟಿಕ್ಕಿತು. ಹಿಂದಿನ ಚಕ್ರದ ಬಳಿ ಮಂಡಿಯೂರಿದ್ದವನ ಕೈಯ ಬಾಟಲಿ ನನಗೆ ಆಗ ಅರ್ಥವಾಯಿತು. ಅವನು ಕದಿಯುತ್ತಿರಲಿಲ್ಲ, ಸೋರುವುದಕ್ಕೆ ಬಾಟಲಿ ಒಡ್ಡಿದ್ದ.

ಆದರೆ ಆವಿ ಮಾತ್ರ ಹೋಗಬೇಕಾದ ಡಬ್ಬಿಗೆ ಪೆಟ್ರೋಲೇ ಹೇಗೆ ನುಗ್ಗಿತು? ಹೊಸ ಡಬ್ಬಿ ಹಾಕಿಸಿಕೊಂಡು ಬಂದೆ. ಯಾರಿಗೂ ಏನೂ ಹೇಳಲಿಲ್ಲ. ಅರ್ಧ ಪರೀಕ್ಷೆಗೆ ನಾನು ಸಹಿ ಹಾಕುವವಳಲ್ಲ. ವಾಸನೆ ಜೋರಾಗುತ್ತಿದ್ದುದು ಭಾನುವಾರದ ಬೆಳಗ್ಗೆ, ನನ್ನವರು ಪೆಟ್ರೋಲ್ ಹಾಕಿಸುವುದು ಶನಿವಾರ ಸಂಜೆ. ಆ ಶನಿವಾರ, "ನಾನೂ ಬರ್ತೀನಿ," ಎಂದು ಹೊರಟೆ.

ಬಂಕಿನಲ್ಲಿ ಪೈಪು ತನ್ನಷ್ಟಕ್ಕೆ ಟಕ್ಕೆಂದು ನಿಂತಿತು. ಟ್ಯಾಂಕ್ ತುಂಬಿತು ಎಂದರ್ಥ. ನನ್ನವರಿಗೆ ಅಲ್ಲಿಂದಲೇ ಕೆಲಸ ಆರಂಭ. "ನಿಲ್ಲಿಸ್ಬೇಡ, ರೌಂಡ್ ಫಿಗರ್ ಮಾಡು. ಕುತ್ತಿಗೆವರೆಗೂ ಹಾಕು," ಎಂದರು. ಬಂಕಿನವನು ಪೈಪಿನ ಹಿಡಿ ಒತ್ತಿ ಒತ್ತಿ ಸುರಿದ. ಇವರು ಕಾರಿನ ಪಕ್ಕಕ್ಕೆ ಸೊಂಟ ಕೊಟ್ಟು ಗಡಗಡ ಅಲುಗಾಡಿಸಿದರು. ಅಕ್ಕಿ ಅಳೆಯುವವಳು ಸೇರನ್ನು ಕುಲುಕಿ ಇನ್ನೊಂದು ಹಿಡಿ ಹಾಕಿಸಿಕೊಳ್ಳುವ ಹಾಗೆ. ಮತ್ತೆ ಸುರಿಸಿದರು, ಬಾಯಿಯಂಚಿನಲ್ಲಿ ಪೆಟ್ರೋಲ್ ಹೊಳೆಯುವವರೆಗೂ.

"ಯಾಕೆ ಹೀಗೆ?" ಎಂದೆ.

"ಟಕ್ ಅಂದ ತಕ್ಷಣ ಬಿಟ್ರೆ ಮೋಸ ಮಾಡ್ತಾರೆ ಕಣೇ. ಕಣ್ಣಿಗೆ ಕಾಣೋ ಹಾಗೆ ತುಂಬಿಸ್ಕೊಂಡ್ರೆ ಏನು ಮಾಡ್ತಾರೆ?"

ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿದೆ. ಆವಿ ಹೋಗಲು ಬಿಟ್ಟ ಜಾಗವನ್ನೂ ಇವರು ತುಂಬಿಸುತ್ತಾರೆ, ಪೆಟ್ರೋಲ್ ಆ ಕೊಳವೆ ಹಿಡಿದು ಇದ್ದಿಲಿಗೆ ನುಗ್ಗುತ್ತದೆ, ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ ಎಂದು ಬಿಡಿಸಿ ಹೇಳಿದೆ. "ಕಳ್ಳತನವೇ ಆಗಿಲ್ಲ. ನಿಮ್ಮ ಕೈಯಿಂದಲೇ ಸುರಿದದ್ದು ಅದು." ಅವರು ಕಾರು ಮತ್ತೆ ಸ್ಟಾರ್ಟ್ ಮಾಡಿದರು. ಆಮೇಲೆ, "ಅವನಿಗೆ ಇರೋಕೆ ಹೇಳೋಣ," ಎಂದರು. "ಹೇಳೋಣ ಅಲ್ಲ, ನೀವೇ ಹೇಳಿ," ಎಂದೆ.

ಹೇಳಿದರು. ಗೇಟಿನ ಬಳಿ ನಿಂತು, ಕಣ್ಣು ಬೈಕಿನ ಮೇಲಿಟ್ಟು, "ಕಾರ್‌ದೇ ತೊಂದ್ರೆ ಅಂತೆ. ನೀವು ಇಲ್ಲೇ ಇರಿ," ಎಂದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಂದ ಹೊರಡಲಿಲ್ಲ.

"ಲಗ್ಗೆರಿ ಮನ್ಯಾಗ ನಿನ್ನೆನ ಹಾಲು ಉಕ್ಕಿಸೇವ್ರಿ ಸರ್," ಎಂದ ಅವನು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದ. ಹಾಲುಕ್ಕಿಸಿದ ಮನೆಯನ್ನು ಬಿಟ್ಟು ಯಾರು ತಿರುಗಿ ಬರುತ್ತಾರೆ? ಅವಳು ಒಳಗಿನಿಂದ ಬರಲೇ ಇಲ್ಲ. ಸಾಮಾನು ಹೇರಿದ ದಿನ ಬೀಗದ ಕೈ ಕೊಡುವಾಗ ಅವನು ನನ್ನನ್ನು ಕೇಳಿದ: "ಗಾಡಿ ಸರಿ ಆತೇನ್ರಿ ಅಕ್ಕಾರ? ಇಲ್ಲಿಗಿ ಬರೋರು ಒಲಿ ಹಚ್ಚೂದು ಇದ ಕಿಟಕಿ ಕೆಳಗರಿ. ಜ್ವಾಕಿ."

ಅವರು ಹೋದ ಮೇಲೆ ಮನೆ ಗುಡಿಸಲು ನಾವಿಬ್ಬರೂ ಕೆಳಗಿಳಿದೆವು. ಅಡುಗೆಮನೆಯ ಕಿಟಕಿಯ ಬಾಗಿಲುಗಳ ಸಂದಿಗೆ, ಚೌಕಟ್ಟಿನ ಸುತ್ತ, ಒಳಗಿನಿಂದ ಹಳೆಯ ಸೀರೆಯ ಚಿಂದಿಗಳನ್ನು ಒತ್ತಿ ಒತ್ತಿ ತುರುಕಿದ್ದರು. ಅದರ ಮೇಲೆ ಪಾರ್ಸೆಲ್ಲಿಗೆ ಅಂಟಿಸುವ ಕಂದು ಟೇಪು. ಆ ಬೇಸಿಗೆಯಲ್ಲಿ, ಆ ಸ್ಥಿತಿಯಲ್ಲಿ, ಅವಳು ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡಿದ್ದಳು, ಮೇಲಿನಿಂದ ನಾವು ಅವಳ ಗಂಡನನ್ನು ಕಾಯುತ್ತಿದ್ದಾಗ.

ಟೇಪು ಕೀಳಲು ಕೈ ಚಾಚಿದೆ. "ಬಿಡೇ, ನಾನು ತೆಗೀತೀನಿ," ಎಂದರು ನನ್ನವರು. ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತ ಅವರು ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದರು, ಊಟಕ್ಕೆ ಕರೆದರೂ ಬರಲಿಲ್ಲ.