ಕುದಿವ ಹಂಡೆಯಲ್ಲಿ ಕೆಂಪು ಸೀರೆ

ಮಾಲ್‌ನಿಂದ ತಂದ ಕೆಂಪು ಟವೆಲ್ ಜೊತೆ ನೆನೆಹಾಕಿದ್ದ ನನ್ನ ಬಿಳಿ ಪಂಚೆ ಇವತ್ತು ಗುಲಾಬಿಯಾಯ್ತು. ನನ್ನವಳಿದ್ದಿದ್ದರೆ ಬೈಯುತ್ತಿದ್ದಳು, ನನಗೋ ಅಜ್ಜಿ ನೆನಪಾದಳು.

ನಾವು ಕೊಯಮತ್ತೂರಿನ ನೇಕಾರರು. ಅಜ್ಜಿಯ ಕಾಲದಲ್ಲಿ ನಮ್ಮ ಸೀರೆ ಅಂಗಡಿಗೆ ಮೂರು ಊರಲ್ಲಿ ಬ್ರಾಂಚು. ಆಮೇಲೆ ದೊಡ್ಡ ಕಂಪನಿಯೊಂದು ಊರೂರಲ್ಲೂ ಅಂಗಡಿ ತೆರೆದು, ಗಾಜಿನ ಶೋಕೇಸಿನಲ್ಲಿ ಗೊಂಬೆಗೆ ಸೀರೆ ಉಡಿಸಿತು ನೋಡಿ, ನಮ್ಮ ಉಡುಮಲೈಪೇಟೆ, ಮೆಟ್ಟುಪಾಳ್ಯಂ ಅಂಗಡಿಗಳು ಮುಚ್ಚಿದವು. ಉಳಿದದ್ದು ಕೊಯಮತ್ತೂರಿನದೊಂದೇ.

ಒಂದು ಸಂತೆಯ ದಿನ ಅಜ್ಜಿ ಅಂಗಡಿ ಮುಂದೆಯೇ ಒಲೆ ಹೂಡಿ, ಕುದಿಯುವ ಹಂಡೆಗೆ ಹೊಸ ಕೆಂಪು ಸೀರೆ ಹಾಕಿದಳು. ಜೊತೆಗೆ ತಾತನ ಬಿಳಿ ಪಂಚೆ.

"ಏ, ಹುಚ್ಚು ಹಿಡೀತಾ? ಬಣ್ಣ ಬಿಟ್ರೆ?" ತಾತ ತಲೆ ಹಿಡಿದುಕೊಂಡರು.

"ಬಿಟ್ರೆ ಈ ಅಂಗಡೀನೂ ಮುಚ್ಚೋಣ. ಬಣ್ಣ ಅದ್ದಿದೋಳು ನಾನು, ಸುಮ್ನೆ ನಿಂತ್ಕೊಳ್ಳಿ."

ಬೀದಿಯೇ ನೆರೆಯಿತು. ಗಾಜಿನಂಗಡಿಯವರೂ ಬಂದರು. ಅಜ್ಜಿ ಕೋಲಿನಿಂದ ಪಂಚೆ ಎತ್ತಿದಳು. ಮಲ್ಲಿಗೆಯಷ್ಟು ಬಿಳುಪು! ಅಬ್ಬಾ, ಈಗಲೂ ಮೈ ಜುಂ ಅನ್ನುತ್ತದೆ.

"ಆತ್ತಾ, ನಂಗೆ ಆ ಒದ್ದೆ ಸೀರೇನೇ ಕೊಡಿ," ಎಂದು ಅಜ್ಜಿಯನ್ನು ಕೇಳಿದಳು ಗುಂಪಿನಲ್ಲೊಬ್ಬಳು.

ಅಂಗಡಿ ಉಳಿಯಿತು. ಸರ್ವೈವಲ್ ಆಫ್ ದಿ ಏನೋ ಅಂತ ಕಾಲೇಜಲ್ಲಿ ಹೇಳುತ್ತಿದ್ದರಲ್ಲ, ಅದು. ಅವತ್ತಿನಿಂದ ನಮ್ಮ ಬೋರ್ಡಿನ ಪಕ್ಕ ತಾತನ ಆ ಪಂಚೆಯೇ ತೂಗುತ್ತಿತ್ತು.

ನನ್ನ ಗುಲಾಬಿ ಪಂಚೆಯನ್ನು ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ ಒಣಹಾಕಿದ್ದೇನೆ.