ಮೂರನೇ ಗುಂಡಿ

ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪದ ಸೈಬರ್ ಕೆಫೆಗೆ ಒಂದು ಗಂಟೆಗೆ ಇಪ್ಪತ್ತು ರೂಪಾಯಿ, ಒಂದು ಪ್ರಿಂಟಿಗೆ ಐದು, ಮತ್ತೆ ಹನ್ನೊಂದು ವರ್ಷ ಜೊತೆಗಿದ್ದ ಪಾಲುದಾರ ನಾಗರಾಜ. ಮೊದಲಿನ ಎರಡರಲ್ಲಿ ಚೌಕಾಸಿ ಮಾಡಿ ಮೂರು ರೂಪಾಯಿ ಉಳಿಸಿದೆ. ದೆವ್ವ, ಶಕುನ ಇಂಥದ್ದನ್ನು ನಾನು ನಂಬಿದವನಲ್ಲ. ಹಳೇ ಬೈಕ್ ವ್ಯಾಪಾರದವನು ನಂಬುವುದು ಎಂಜಿನ್ ಸದ್ದನ್ನು ಮಾತ್ರ. ಇದನ್ನು ನಂಬಿ ಎಂದು ನಿಮಗೂ ಹೇಳುವುದಿಲ್ಲ; ಕೇಳಿ, ಅಷ್ಟೆ.

ನಾನೂ ನಾಗರಾಜನೂ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಸುತ್ತ ಹಳೇ ಬೈಕ್ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದೆವು. ಬಂಡವಾಳ ಅರ್ಧರ್ಧ. ಮಾತು ನನ್ನದು, ಮುನಿಸು ಅವನದು. ಕೊಳ್ಳುವಾಗ ಬೆಲೆ ಜಾಸ್ತಿ ಅನಿಸಿದರೆ ನಾನು ಅಂಗಿಯ ಎರಡನೇ ಗುಂಡಿ ತಿರುಗಿಸಬೇಕು. ಕೂಡಲೇ ಅವನು, "ಬಿಡು ಮಾರಾಯ, ಈ ಗುಜರಿ ಯಾರಿಗೆ ಬೇಕು!" ಎಂದು ಎದ್ದು ನಡೆಯಬೇಕು. ಅವನು ಅಂಗಳ ದಾಟುವುದರೊಳಗೆ ಬೆಲೆ ಇಳಿಯುತ್ತಿತ್ತು. ಹೆಂಡತಿಯರಿಗೂ ಹೇಳಬಾರದೆಂದು ಆಣೆ ಹಾಕಿಕೊಂಡಿದ್ದ ಗುಟ್ಟು ಅದು.

ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲದ ಕಾಲ. ನನಗೆ ಚೆಸ್ ಹುಚ್ಚು. ಕಂಪ್ಯೂಟರಿನಲ್ಲಿ ಚೆಸ್ ಆಡುವ ಕನ್ನಡಿಗರ ಒಂದು ಗುಂಪಿಗೆ ಸೇರಲು ಒಂದು ಭಾನುವಾರ ಮಧ್ಯಾಹ್ನ ಕೆಫೆಗೆ ಹೋದೆ. ಹೊಸಬರು ಮೊದಲು ತಮ್ಮ ಪರಿಚಯ, ಹವ್ಯಾಸ ಬರೆಯಬೇಕಂತೆ, ಆಮೇಲೆ ಆಟ. ವ್ಯಾಪಾರದವನು ಮೊದಲ ಮಾತಿಗೇ ನಿಜವಾದ ಬೆಲೆ ಹೇಳುತ್ತಾನೆಯೇ? ಹೆಸರು ಸುಳ್ಳು ಕೊಟ್ಟೆ. ಊರು, ಬರೀ ಮಲೆನಾಡು. ಕೆಲಸ, ಮೇಷ್ಟರು. ಹವ್ಯಾಸ, ಮೀನು ಹಿಡಿಯುವುದು. ಗಾಳ ಮುಟ್ಟಿದವನೇ ಅಲ್ಲ ನಾನು. ಎದುರಾಳಿ ಹಗುರವಾಗಿ ಎಣಿಸಲಿ ಎಂದು, ಚೆಸ್ ಈಗಷ್ಟೇ ಕಲಿಯುತ್ತಿದ್ದೇನೆ ಎಂದೂ ಸೇರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ ಕಳಿಸಿ ಕಾಯುತ್ತ ಕುಳಿತೆ.

ಇಬ್ಬರು ಸ್ವಾಗತ ಎಂದರು. ಮೂರನೆಯವನು ಬರೆದದ್ದು ಹೀಗೆ: "ಮೇಷ್ಟ್ರೇ, ಎರಡನೇ ಗುಂಡಿ ಬಿಡಿ."

ನೋಡಿಕೊಂಡರೆ ನನ್ನ ಬೆರಳು ಆ ಗುಂಡಿಯ ಮೇಲೇ ಇತ್ತು. ಬೆನ್ನಿಗೆ ಗೋಡೆ, ಒಳಗೆ ಬೇರೆ ಯಾರೂ ಇಲ್ಲ. ಕೆಫೆಯವನು ಹೊರಗೆ ಬಾಗಿಲಲ್ಲಿ ನಿಂತು ಯಾರೊಂದಿಗೋ ಹರಟುತ್ತಿದ್ದ.

ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ನಾಗರಾಜ ಬಾಯಿ ಬಿಟ್ಟಿದ್ದಾನೆ! ಹನ್ನೊಂದು ವರ್ಷ ಒಂದೇ ಬೈಕಿನಲ್ಲಿ ತಿರುಗಿದವನು! ಸಾಕ್ಷಿ ಇರಲಿ ಎಂದು ಪ್ರಿಂಟ್ ತೆಗೆಸಿ, ಓದದೆ ಮಡಚಿ, ಸೀದಾ ಅವನ ಶೆಡ್ಡಿಗೆ ಹೋದೆ.

"ಯಾರಿಗೆ ಹೇಳಿದೆ ನಮ್ಮ ಗುಟ್ಟು?"

"ಎಂತ ಮಾರಾಯ, ಬಿಸಿಲು ತಲೆಗೆ ಹತ್ತಿತಾ? ನಾನು ಕಂಪ್ಯೂಟರ್ ಕಂಡದ್ದೇ ಬ್ಯಾಂಕಿನ ಕಿಟಕಿಯಲ್ಲಿ" ಎಂದು ನಕ್ಕು, ಗ್ರೀಸಿನ ಕೈ ಒರೆಸಿಕೊಂಡು, ನಾನು ಚಾಚಿದ ಪ್ರಿಂಟನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಕೊನೆಗೆ ಬಂದಾಗ ನಗು ನಿಂತಿತು.

"ಇದೆಂತ ಕೆಳಗಿನದು? 'ಶೆಟ್ಟಿಕೊಪ್ಪದ ಬೈಕಿನ ದಿನ ಮೂರನೇ ಗುಂಡಿ ಯಾಕೆ ತಿರುಗಿಸಿದೆ?'"

ಆ ಸಾಲನ್ನು ನಾನು ಕಂಪ್ಯೂಟರಿನಲ್ಲಿ ಕಂಡಿರಲಿಲ್ಲ. ಶೆಟ್ಟಿಕೊಪ್ಪದಲ್ಲಿ ನಮಗೆ ಬೈಕ್ ಮಾರಿದ ಮುದುಕನೊಂದಿಗೆ ನಾನು ವ್ಯಾಪಾರದ ಹಿಂದಿನ ದಿನವೇ ಒಳಮಾತು ಆಡಿದ್ದೆ: ನಾನು ಮೂರನೇ ಗುಂಡಿ ಮುಟ್ಟಿದರೆ ಬೆಲೆ ಇಳಿಸಬೇಡಿ, ಹೆಚ್ಚಿಗೆ ಬಂದದ್ದರಲ್ಲಿ ನನಗೂ ಪಾಲು ಕೊಡಿ. ಹಾಗೆ ಮಾಡಿದ್ದು ಒಂದೇ ಸಲ. ಕೊಪ್ಪಕ್ಕೆ ಸೈಬರ್ ಕೆಫೆ ಬರುವ ಮೊದಲೇ ಆ ಮುದುಕ ತೀರಿಕೊಂಡಿದ್ದ. ಎರಡನೇ ಗುಂಡಿ ಅವನಿಗೆ ಗೊತ್ತಿರಲಿಲ್ಲ; ಮೂರನೆಯದು ನಾಗರಾಜನಿಗೆ ಗೊತ್ತಿರಲಿಲ್ಲ.

"ಹೇಳು" ಎಂದ ನಾಗರಾಜ.

ಏನಾದರೊಂದು ಹೇಳಲು ಹೊರಟೆ. ಕೈ ತಾನಾಗಿ ಮೂರನೇ ಗುಂಡಿಯ ಮೇಲೆ ಹೋಯಿತು. ಅವನು ಅದನ್ನು ನೋಡಿದ. "ಬಿಡು ಮಾರಾಯ, ಈ ಗುಜರಿ ಯಾರಿಗೆ ಬೇಕು" ಎಂದು ಮೆಲ್ಲಗೆ ಹೇಳಿ ಎದ್ದು ನಡೆದ. ಅಂಗಳ ದಾಟಿದ. ಮತ್ತೆ ನನ್ನ ಜೊತೆ ವ್ಯಾಪಾರಕ್ಕೆ ಅವನು ಬರಲೇ ಇಲ್ಲ.

ಗುಂಡಿಯ ಮಾತು ಬರೆದವನು ಅದಕ್ಕೆ ಮೊದಲೂ ಆ ಗುಂಪಿನಲ್ಲಿ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ನನಗೆ ಮೋಸ ಆಯಿತು ಎಂಬ ಉರಿ ಇವತ್ತಿಗೂ ಆರಿಲ್ಲ. ಮಾಡಿದವರು ಯಾರೆಂದು ಮಾತ್ರ ತಿಳಿಯುತ್ತಿಲ್ಲ.

ನೀವು ಎಲ್ಲಾದರೂ ಹೊಸಬರಾಗಿ ಸೇರುವಾಗ ನಿಮ್ಮ ಪರಿಚಯ ಹೇಗಾದರೂ ಬರೆದುಕೊಳ್ಳಿ. ಆದರೆ ಯಾರ ಮೇಲಾದರೂ ಸಾಕ್ಷಿ ಹಿಡಿದು ಹೊರಡುವ ಮೊದಲು ಕಾಗದವನ್ನು ಕೊನೆಯ ಸಾಲಿನವರೆಗೆ ಓದಿ. ಮತ್ತೆ, ಪಾಲುದಾರನಿಗೆ ಹೇಳದೆ ಉಳಿಸಿಕೊಂಡದ್ದೇನಾದರೂ ಇದ್ದರೆ ಇವತ್ತೇ ಹೋಗಿ ಹೇಳಿಬಿಡಿ. ಹೋಗುವಾಗ ಗುಂಡಿಯಿಲ್ಲದ ಅಂಗಿ ಹಾಕಿಕೊಂಡು ಹೋಗಿ. ನಾನು ಈಗ ಹಾಕುವುದೇ ಅಂಥದ್ದನ್ನು.